ಮಕ್ಕಳ ಕೈಯಲ್ಲಿ ಮೊಬೈಲ್, ಹಣದ ಬೀಗ ನಮ್ಮ ಕೈಯಲ್ಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಹಣ ಬ್ಯಾಂಕಿನಿಂದ ತೆಗೆಯಬೇಕಾದರೆ ಒಬ್ಬರ ಸಹಿ ಸಾಲದು. ಸಭೆಯಲ್ಲಿ ನಿರ್ಣಯ ಆಗಬೇಕು, ಪ್ರತಿನಿಧಿಗಳು ಸಹಿ ಹಾಕಬೇಕು. ಇದೇ ಜಾಗ್ರತೆ ಈಗ ಮನೆಯ ಮೊಬೈಲಿಗೂ ಬೇಕು. ಯಾಕಂದ್ರೆ ವಾರದ ಉಳಿತಾಯ, ಸಾಲದ ಕಂತು ಎಲ್ಲಾ ಇರುವ ಬ್ಯಾಂಕ್ ಖಾತೆ ಅದೇ ಮೊಬೈಲಿಗೆ ಜೋಡಣೆಯಾಗಿದೆ.

"ಅಮ್ಮಾ, ಈ ಗೇಮ್ ಫ್ರೀ" ಅಂತ ಮಕ್ಕಳು ಹೇಳ್ತಾರೆ. ಅದು ಸುಳ್ಳಲ್ಲ, ಇಳಿಸಿಕೊಳ್ಳಲು ಹಣ ಬೇಡ. ಆದರೆ ಒಳಗೆ ಹೋದ ಮೇಲೆ ನಾಣ್ಯ, ವಜ್ರ, ಆಯುಧ ಅಂತ ಒಂದೊಂದಕ್ಕೂ ಬೆಲೆ ಇರ್ತದೆ. ಮಗುವಿಗೆ ಅದು ಆಟದ ನಾಣ್ಯ. ಹೋಗುವುದು ಮಾತ್ರ ನಮ್ಮ ದುಡಿಮೆಯ ಹಣ.

ಇದು ನಮ್ಮ ಊರಿನ ತೊಂದರೆ ಮಾತ್ರ ಅಲ್ಲ. ಅಮೇರಿಕದಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಾಗಿ 2014ರಲ್ಲಿ ಆಪಲ್ ಕಂಪೆನಿ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್, ಗೂಗಲ್ ಕಂಪೆನಿ ಕನಿಷ್ಠ 1 ಕೋಟಿ 90 ಲಕ್ಷ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು. ಆಗ ಆಪಲ್ ಫೋನಿನಲ್ಲಿ ಒಮ್ಮೆ ಪಾಸ್‌ವರ್ಡ್ ಹಾಕಿದರೆ, ಮುಂದಿನ 15 ನಿಮಿಷ ಮತ್ತೆ ಕೇಳದೆ ಖರೀದಿ ನಡೆಯುತ್ತಿತ್ತು.

ಈಗ ಬೀಗಗಳಿವೆ. ಅವು ಎರಡು ಬಗೆ.

1. ಫೋನಿನ ಬೀಗ: ಮಗು ನಮ್ಮದೇ ಆಂಡ್ರಾಯ್ಡ್ ಫೋನಿನಲ್ಲಿ ಆಡುವುದಾದರೆ, ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಬೇಕು. ಆ ಫೋನಿನಲ್ಲಿ ಮಗುವಿನ ಬೆರಳಚ್ಚು ಇರಬಾರದು. ಈ ಬೀಗ ಹಾಕಿದ ಫೋನಿಗೆ ಮಾತ್ರ ಅನ್ವಯ. ಅಪ್ಪನ ಫೋನು, ಅಜ್ಜಿ ಮನೆಯ ಟ್ಯಾಬು, ಒಂದೊಂದಕ್ಕೂ ಪ್ರತ್ಯೇಕ ಹಾಕಬೇಕು.

2. ಖಾತೆಯ ಬೀಗ: ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತ. ಅದರಲ್ಲಿ 13 ವರ್ಷದೊಳಗಿನ ಮಗುವಿಗೆ ಬೇರೆ ಖಾತೆ ಮಾಡಿಕೊಡಬಹುದು. ಮಗು ಖರೀದಿ ಒತ್ತಿದರೆ ಒಪ್ಪಿಗೆ ಕೇಳುವ ಕೋರಿಕೆ ನಮ್ಮ ಫೋನಿಗೆ ಬರ್ತದೆ. ನಮ್ಮದು ಐಫೋನ್ ಆದರೂ ಫ್ಯಾಮಿಲಿ ಲಿಂಕ್ ನಡೆಯುತ್ತದೆ. ಮಗುವಿನದು ಐಫೋನ್ ಆದರೆ 'ಆಸ್ಕ್ ಟು ಬೈ' ಎಂಬ ವ್ಯವಸ್ಥೆ ಇದೆ. ಅದರ ಕೋರಿಕೆ ಪೋಷಕರ ಆಪಲ್ ಫೋನಿಗೇ ಬರುವುದು.

ಈ ಎರಡನೆಯ ಬೀಗ ಮಗುವಿನ ಖಾತೆಯ ಜೊತೆ ಹೋಗುತ್ತದೆ, ಫೋನಿನ ಜೊತೆ ಅಲ್ಲ. ಮಗು ಅಮ್ಮನ ಖಾತೆಯಲ್ಲೇ ಆಡುತ್ತಿದ್ದರೆ ಒಪ್ಪಿಗೆ ಕೇಳುವವರೇ ಇಲ್ಲ! ಹಾಗಾಗಿ ಮನೆಯಲ್ಲಿರುವ ಫೋನುಗಳಲ್ಲಿ ಯಾರ ಖಾತೆ ಇದೆ ಎಂದು ಮೊದಲು ನೋಡಿ.

ಪ್ಲೇ ಸ್ಟೋರಿನ ಹೊರಗೆ ಕಟ್ಟುವ ಹಣಕ್ಕೆ ಫ್ಯಾಮಿಲಿ ಲಿಂಕ್ ಒಪ್ಪಿಗೆ ಕೇಳುವುದಿಲ್ಲ. ಆದ್ದರಿಂದ ಯುಪಿಐ ಪಿನ್ ಮಕ್ಕಳಿಗೆ ಹೇಳಲೇಬೇಡಿ. ತಿಂಗಳ ಚಂದಾಕ್ಕೆ ಒಮ್ಮೆ ಪಿನ್ ಹಾಕಿ ಆಟೋಪೇ ಒಪ್ಪಿದರೆ, ಆಮೇಲೆ 15,000 ರೂಪಾಯಿವರೆಗಿನ ಕಂತು ಪಿನ್ ಕೇಳದೆಯೇ ಕಡಿತವಾಗಬಹುದು. 24 ಗಂಟೆ ಮೊದಲು ಸಂದೇಶ ಬರ್ತದೆ, ಅದನ್ನು ಓದಿ. ಗೇಮ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿ ರದ್ದು ಮಾಡಬೇಕು.

ಹಣ ಹೋಗಿಬಿಟ್ಟರೆ ಮಗುವನ್ನು ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಹೇಳುವುದೇ ಇಲ್ಲ. ಗೂಗಲ್ ಪ್ಲೇಯಲ್ಲಿ 48 ಗಂಟೆಯೊಳಗೆ ಹಣ ವಾಪಸ್ ಕೇಳಿ ಅರ್ಜಿ ಹಾಕಬಹುದು. ಹೊರಗಿನವರು ಮೋಸ ಮಾಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸಂಘದಲ್ಲಿ ಸಾಲದ ಅರ್ಜಿ ಬಂದಾಗ ನಾವು ಪ್ರಶ್ನೆ ಕೇಳ್ತೇವೆ, ಇಲ್ಲ ಅಂದರೆ ಕಾರಣವನ್ನೂ ಹೇಳ್ತೇವೆ. ಮಗುವಿನ ಕೋರಿಕೆಗೂ ಹಾಗೇ ಮಾಡೋಣ. ಏನಿದು? ಎಷ್ಟು ಹಣ? ಒಂದೇ ಸಲವೋ, ತಿಂಗಳು ತಿಂಗಳೋ? ಹೀಗೆ ಕೇಳಿಸಿಕೊಂಡ ಮಗು ನಾಳೆ ತನ್ನ ಹಣದ ಲೆಕ್ಕವನ್ನೂ ತಾನೇ ಇಡುತ್ತದೆ.

ಮುಂದಿನ ವಾರದ ಸಭೆಗೆ ಪಾಸ್ ಪುಸ್ತಕದ ಜೊತೆ ಮೊಬೈಲನ್ನೂ ತನ್ನಿ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸೋಣ, ಎಲ್ಲರ ಫೋನಿಗೂ ಬೀಗ ಹಾಕಿಯೇ ಏಳೋಣ.