ಮದುವಣಿಗನ ದನಿ ಕೇಳಿ ನಲಿದ ಗೆಳೆಯ
(ಸಂತ ಸ್ನಾನಿಕ ಯೊವಾನ್ನರ ಜನನದ ಮಹೋತ್ಸವ, ಜೂನ್ 24ರ ಪ್ರಬೋಧನೆ)



ನಮ್ಮ ಧರ್ಮಕೇಂದ್ರದ ಪಾಲಕರಾದ ಸಂತ ಸ್ನಾನಿಕ ಯೊವಾನ್ನರ ಹಬ್ಬಕ್ಕೆ ಮಳೆಯನ್ನೂ ಲೆಕ್ಕಿಸದೆ ಬಂದಿದ್ದೀರಿ. ಧರ್ಮಸಭೆ ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ಮರಣ ಹೊಂದಿದ ದಿನ ಆಚರಿಸುತ್ತದೆ. ಹುಟ್ಟಿದ ದಿನವನ್ನು ಆಚರಿಸುವುದು ಮೂವರದು ಮಾತ್ರ: ಪ್ರಭು ಯೇಸುವಿನದು, ಮಾತೆ ಮರಿಯಮ್ಮನವರದು, ಸ್ನಾನಿಕ ಯೊವಾನ್ನರದು.

ಪ್ರತಿ ವರ್ಷ ಈ ಪೀಠದಿಂದ ಒಂಟೆಯ ರೋಮದ ಉಡುಪು, ಮಿಡತೆ, ಕಾಡುಜೇನುಗಳ ಬಗ್ಗೆ ಕೇಳಿದ್ದೀರಿ. ಈ ಸಲ ನಮ್ಮ ಗಾನವೃಂದದಲ್ಲಿ ನಡೆದ ಜಗಳದ ಬಗ್ಗೆ ಮಾತನಾಡುತ್ತೇನೆ. ಗುಟ್ಟೇನೂ ಉಳಿದಿಲ್ಲ, ಗುರುಮನೆಯ ಅಂಗಳದಲ್ಲಿ ಆಡಿದ ಮಾತು ಸಂಜೆಯೊಳಗೆ ಊರಿನ ಕೊನೆಯ ಮನೆಗೆ ತಲುಪುತ್ತದೆ. ಆದರೂ ಜಗಳವಾಡಿದ ಇಬ್ಬರನ್ನೂ ಕೇಳಿ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಮೂರು ವಾರಗಳ ಹಿಂದೆ ಹಾಡಿನ ಅಭ್ಯಾಸ ಮುಗಿಸಿ ಎಲ್ಲರೂ ಟೀ ಕುಡಿಯುತ್ತಿದ್ದರು. ಯಾರದೋ ಮೊಬೈಲಿನಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಒಂದು ಹಳೆಯ ಹಾಡು ಬಂತು. ನಮ್ಮ ಮೇಷ್ಟ್ರು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು. 34 ವರ್ಷಗಳಿಂದ ಈ ದೇವಾಲಯದ ಹಾರ್ಮೋನಿಯಂ ಮುಂದೆ ಕೂತವರು ಅವರು. ಹಾಡು ಮುಗಿದ ಮೇಲೆ, "ಇಂಥ ದನಿ ಇನ್ನು ಹುಟ್ಟಲ್ಲ. ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡಿದ ಮೇಲೆ ಈ ಪುಣ್ಯಾತ್ಮರನ್ನ ಕೇಳೋರೇ ಇಲ್ಲವಾದರು" ಎಂದರು. ಕೀಬೋರ್ಡ್ ನುಡಿಸುವ ನಮ್ಮ ಹುಡುಗ ಸುಮ್ಮನಿರಲಿಲ್ಲ. "ಹಾಗಾದ್ರೆ ರಾಷ್ಟ್ರಪ್ರಶಸ್ತಿ ಬಂದಿದ್ದು ಯಾರಿಗೆ ಮೇಷ್ಟ್ರೇ?" ಎಂದ. ಮಾತು ಬೆಳೆಯಿತು. ಒಬ್ಬರು ಶಾಸ್ತ್ರೀಯ ಜ್ಞಾನ ಎಂದರು, ಇನ್ನೊಬ್ಬರು ಭಾವ ಎಂದರು. ಅಂದು ಪಿ.ಬಿ.ಎಸ್. ಅವರಿಗೆ ಹುಷಾರಿರಲಿಲ್ಲ, ಅದಕ್ಕೇ ರಾಜ್ ಹಾಡಿದ್ದು ಎಂದು ಒಬ್ಬರು; ಅಲ್ಲ, ಹಾಡಿಸಬೇಕೆಂದೇ ಹಾಡಿಸಿದರು ಎಂದು ಇನ್ನೊಬ್ಬರು. ಕೊನೆಗೆ ಹುಡುಗ, "ಅವರ ಕಾಲ ಮುಗೀತು, ಬಿಡಿ ಮೇಷ್ಟ್ರೇ" ಅಂದುಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮುಂದಿನ ಎರಡು ಭಾನುವಾರ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಹಾಡಲಿಲ್ಲ. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿಯೇ ಇತ್ತು.

ಅವರು ಜಗಳವಾಡಿದ ವಿಷಯ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಡಾ. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದರು. ಅವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನು ನಟನೇ ಅಲ್ಲ. ಆದರೂ ಸುಮಾರು ಇಪ್ಪತ್ತು ವರ್ಷ, ಎಲ್ಲೋ ಅಪರೂಪಕ್ಕೆ ಬಿಟ್ಟರೆ, ಪರದೆಯ ಮೇಲೆ ಅವರು ತುಟಿ ಅಲ್ಲಾಡಿಸಿದರು, ಹಾಡಿದವರು ಬೇರೆಯವರು. 1960ರ ‘ಭಕ್ತ ಕನಕದಾಸ’ದಲ್ಲಿ ಕನಕನಿಗೆ ದನಿಯಾದವರು ಪಿ.ಬಿ.ಎಸ್. ಕಾಕಿನಾಡದಲ್ಲಿ ಹುಟ್ಟಿದ ತೆಲುಗರು ಅವರು. ಕನ್ನಡವನ್ನು ಎಷ್ಟು ಸ್ಪಷ್ಟವಾಗಿ ಹಾಡಿದರೆಂದರೆ, ಹಾಡುತ್ತಿರುವುದು ರಾಜ್‌ಕುಮಾರರೇ ಎಂದು ನಂಬಿದ್ದ ಅಜ್ಜಿಯರು ನಮ್ಮ ಮನೆಯಲ್ಲೇ ಇದ್ದರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದರು. ನಾಡೆಲ್ಲ ಕುಣಿಯಿತು. ಮರುವರ್ಷದ ‘ಮಯೂರ’ದಲ್ಲೂ ಪಿ.ಬಿ.ಎಸ್. ಧ್ವನಿ ಇದೆ, ಒಂದೇ ದಿನದಲ್ಲಿ ಬಾಗಿಲು ಮುಚ್ಚಲಿಲ್ಲ. ಆದರೆ ಕ್ರಮೇಣ ನಾಯಕನೇ ಗಾಯಕನಾದ, ಗಾಯಕ ಹಿಂದಕ್ಕೆ ಸರಿದರು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕನೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ನಾನು ಯಾರ ಕಡೆ ಎಂದು ಕೇಳಿದರೆ, ನಮ್ಮಪ್ಪ ಗದ್ದೆಯಿಂದ ಬಂದು ಟ್ರಾನ್ಸಿಸ್ಟರ್ ಕಿವಿ ತಿರುಗಿಸಿದಾಗ ಬರುತ್ತಿದ್ದ ದನಿ ಪಿ.ಬಿ.ಎಸ್. ಅವರದು. ಅದನ್ನು ಕೇಳಿದರೆ ಈಗಲೂ ನನಗೆ ಅಪ್ಪನ ಬೆವರಿನ ವಾಸನೆ ನೆನಪಾಗುತ್ತದೆ. ಇಂಥ ಜಗಳಗಳು ಬಿಸಿಯಾಗುವುದು ಇದಕ್ಕೇ ಇರಬೇಕು. ಗಾಯಕನ ಪರವಾಗಿ ವಾದಿಸುತ್ತೇವೆ ಎಂದುಕೊಳ್ಳುತ್ತೇವೆ. ನಿಜಕ್ಕೂ ನಮ್ಮ ಅಪ್ಪನ ಪರವಾಗಿ, ನಮ್ಮ ಹರೆಯದ ಪರವಾಗಿ, ಕಳೆದುಹೋದ ನಮ್ಮ ಮನೆಯ ಪರವಾಗಿ ವಾದಿಸುತ್ತಿರುತ್ತೇವೆ. ಎದುರಿನವನು "ಆ ಗಾಯಕನ ಕಾಲ ಮುಗಿಯಿತು" ಎಂದರೆ "ನಿನ್ನ ಕಾಲ ಮುಗಿಯಿತು" ಎಂದೇ ಕೇಳಿಸುತ್ತದೆ.

ಪ್ರಿಯರೇ, ಯೊವಾನ್ನರ ಶಿಷ್ಯರಿಗೂ ಹೀಗೆಯೇ ಕೇಳಿಸಿತು. ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಸಂತ ಯೊವಾನ್ನರು ಬರೆದದ್ದು. ಶುದ್ಧೀಕರಣದ ವಿಷಯವಾಗಿ ಎಲ್ಲೋ ಒಂದು ವಾಗ್ವಾದ ನಡೆದಿತ್ತು. ಅದನ್ನು ಮುಗಿಸಿಕೊಂಡು ಶಿಷ್ಯರು ಗುರುವಿನ ಬಳಿ ಓಡಿಬಂದರು. ಜೋರ್ಡನ್ ನದಿಯಾಚೆ ನಿಮ್ಮ ಜೊತೆಗಿದ್ದ ಆ ಮನುಷ್ಯ ಈಗ ತಾನೇ ಸ್ನಾನ ಕೊಡುತ್ತಿದ್ದಾನೆ, ಎಲ್ಲರೂ ಅವನ ಕಡೆಗೇ ಹೋಗುತ್ತಿದ್ದಾರೆ ಎಂದು ದೂರಿದರು. ಯೇಸುವಿನ ಹೆಸರನ್ನು ಸಹ ಅವರು ಎತ್ತಲಿಲ್ಲ, ಗಮನಿಸಿರಿ. ನಾವೂ ಹಾಗೆಯೇ; ಆಗದವರ ಹೆಸರು ಬಾಯಲ್ಲಿ ಬರುವುದಿಲ್ಲ, "ಅವನು" ಎನ್ನುತ್ತೇವೆ.

ಯೊವಾನ್ನರು ತಮ್ಮನ್ನು ಮದುವಣಿಗನ ಗೆಳೆಯನಿಗೆ ಹೋಲಿಸಿಕೊಂಡರು. ಗೆಳೆಯ ಹೊರಗೆ ನಿಂತು ಕಾಯುತ್ತಾನೆ. ಮದುವಣಿಗನ ದನಿ ಕಿವಿಗೆ ಬಿದ್ದೊಡನೆ ಅವನಿಗೆ ಸಂತೋಷ. ಆತ ಬೆಳೆಯಬೇಕು, ತಾನು ತಗ್ಗಬೇಕು ಎಂದರು. ಅಡವಿಯಲ್ಲಿ ಕೂಗುವ ದನಿ ಎಂದು ಕರೆಸಿಕೊಂಡವರು ಇನ್ನೊಬ್ಬರ ದನಿ ಕೇಳಿ ಆನಂದಪಟ್ಟರು. ಸಂತ ಅಗಸ್ಟೀನರು ಇದೇ ಹಬ್ಬದಂದು ತಮ್ಮ ಜನರಿಗೆ ಪ್ರಬೋಧಿಸುತ್ತಾ, ಯೊವಾನ್ನರು ಧ್ವನಿ, ಕ್ರಿಸ್ತರು ವಾಕ್ಯ ಎಂದು ವಿವರಿಸಿದರು. ನನ್ನ ಮನಸ್ಸಿನ ಮಾತು ನಿಮ್ಮ ಮನಸ್ಸಿಗೆ ತಲುಪಲು ದನಿ ಬೇಕು. ತಲುಪಿದ ಮೇಲೆ ದನಿ ಅಡಗುತ್ತದೆ, ಮಾತು ಉಳಿಯುತ್ತದೆ. ಈ ಹಬ್ಬದ ಹೊತ್ತಿಗೆ ಹಗಲು ತಗ್ಗತೊಡಗುತ್ತದೆ, ಕ್ರಿಸ್ತ ಜಯಂತಿಯ ಹೊತ್ತಿಗೆ ಬೆಳೆಯತೊಡಗುತ್ತದೆ ಎಂಬುದನ್ನೂ ಅವರು ಕಂಡಿದ್ದರು.

ಆದರೆ ಅಭಿಮಾನಿಗಳು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಹೆರೋದ ಯೊವಾನ್ನರ ತಲೆ ತೆಗೆಸಿ ಎಷ್ಟೋ ವರ್ಷಗಳಾದ ಮೇಲೆ ಪ್ರೇಷಿತ ಪೌಲರು ಎಫೆಸಕ್ಕೆ ಹೋದರೆ, ಅಲ್ಲಿ ಸುಮಾರು ಹನ್ನೆರಡು ಮಂದಿ ಯೊವಾನ್ನರ ಸ್ನಾನವೊಂದನ್ನೇ ಹಿಡಿದುಕೊಂಡು ಕೂತಿದ್ದರು. ಅಪೊಲೋಸನಿಗೂ ಮೊದಲು ತಿಳಿದಿದ್ದದ್ದು ಅದೊಂದೇ. ಮುಂದೆ ಕೊರಿಂಥದಲ್ಲಿ ಅದೇ ಅಪೊಲೋಸನಿಗೇ ಅಭಿಮಾನಿಗಳು ಹುಟ್ಟಿಕೊಂಡರು! ಒಂದು ಗುಂಪು ಪೌಲನದು, ಒಂದು ಗುಂಪು ಅಪೊಲೋಸನದು, ಒಂದು ಗುಂಪು ಕೇಫನದು. ಪೌಲರು ತಮ್ಮ ಹೆಸರಿನ ಗುಂಪನ್ನೂ ಬಿಡದೆ ಬೈದರು.

ಇಷ್ಟು ಸಿದ್ಧಮಾಡಿಕೊಂಡು ಮೇಷ್ಟ್ರಿಗೆ ಬುದ್ಧಿ ಹೇಳಲು ಕಳೆದ ವಾರ ಅವರ ಮನೆಗೆ ಹೋದೆ. ತಗ್ಗುವುದರ ದೊಡ್ಡತನದ ಬಗ್ಗೆ ಚೆನ್ನಾಗಿ ಮಾತನಾಡುತ್ತೇನೆ ಎಂದುಕೊಂಡಿದ್ದೆ. ಅವರ ಮನೆಯವರು ಕಾಫಿ ಕೊಟ್ಟರು. ಮೇಷ್ಟ್ರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಫಾದರ್, ನನಗೆ ಪಿ.ಬಿ.ಎಸ್. ವಿಷಯಕ್ಕೆ ಬೇಜಾರಿಲ್ಲ. ಪಾಸ್ಖ ಜಾಗರಣೆಯ ಕೀರ್ತನೆಯನ್ನ ಆ ಹುಡುಗನಿಗೆ ಕೊಟ್ಟಿರಿ. ಸರಿ, ಅವನೇ ಚೆನ್ನಾಗಿ ಹಾಡ್ತಾನೆ. ನನ್ನ ದನಿ ಮೇಲಕ್ಕೆ ಹೋಗಲ್ಲ, ನನಗೂ ಗೊತ್ತು. ಒಂದು ಮಾತು ನನಗೆ ಹೇಳಬಹುದಿತ್ತು. ಬೋರ್ಡಿನ ಮೇಲೆ ಚೀಟಿ ನೋಡಿ ತಿಳಿದುಕೊಂಡೆ" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ.

ಗುರುಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಓದಿದೆ. ತಗ್ಗಬೇಕು ಎಂಬ ಮಾತನ್ನು ಯೊವಾನ್ನರು ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ಯೇಸುಸ್ವಾಮಿ ಅವರಿಗೆ ಅದನ್ನು ಹೇಳಲಿಲ್ಲ. ಯೊವಾನ್ನರು ಸೆರೆಯಲ್ಲಿದ್ದಾಗ, ಅವರ ಹೆಸರು ಮಾಸುತ್ತಿದ್ದಾಗ, ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಅವರಿಗಿಂತ ದೊಡ್ಡವರಿಲ್ಲ ಎಂದು ಜನರ ಮುಂದೆ ಸಾರಿದವರು ಯೇಸು. ಬೆಳೆಯುವವನು ತಗ್ಗುವವನನ್ನು ಹೊಗಳಿದ. ನಾನು ಮಾಡಿದ್ದು ತಿರುಗುಮುರುಗು. "ನೀವು ತಗ್ಗಿರಿ" ಎಂದು ಚೀಟಿ ಅಂಟಿಸಿದೆ, ಆಮೇಲೆ ನಕ್ಕೆ. ಕ್ಷಮಿಸಿರಿ ಮೇಷ್ಟ್ರೇ. ಮನೆಯಲ್ಲಿ ಕೇಳಿದ್ದೆ, ನಿಮಗೆ ನೋವಾದದ್ದು ಎಲ್ಲರೆದುರು, ಆದ್ದರಿಂದ ಎಲ್ಲರೆದುರು ಕೇಳುತ್ತಿದ್ದೇನೆ.

ರಾಜ್‌ಕುಮಾರ್ ಅವರ ಒಂದು ಮಾತನ್ನು ಹುಡುಗನಿಗೂ ನೆನಪಿಸಿದೆ. ತಾವು ಬರೀ ಶರೀರ, ಶಾರೀರ ಪಿ.ಬಿ.ಎಸ್. ಅವರದು ಎಂದು ಅವರು ಹೇಳುತ್ತಿದ್ದದ್ದು ಕನ್ನಡನಾಡಿಗೆಲ್ಲ ಗೊತ್ತು. ಅಭಿಮಾನಿಗಳು ಅವರಿಬ್ಬರ ಹೆಸರಿನಲ್ಲಿ ಎಷ್ಟು ಕಿತ್ತಾಡಿದರೂ ಆ ಮಾತು ಅಳಿಯಲಿಲ್ಲ. ಪಿ.ಬಿ.ಎಸ್. ಆದರೂ ಕಹಿಯಾಗಿ ಮೂಲೆಗೆ ಕೂತವರಲ್ಲ. ಎಂಟು ಭಾಷೆ ಬಲ್ಲ ಅವರು ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು, ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಕವಿತೆ ಬರೆಯುತ್ತಿದ್ದರು, 2008ರಲ್ಲಿ ಆ ಹೋಟೆಲು ಮುಚ್ಚುವ ತನಕ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ಪಿ.ಬಿ.ಎಸ್. ತೀರಿಕೊಂಡದ್ದು 2013ರ ಏಪ್ರಿಲ್ 14ರಂದು, 82ನೆಯ ವಯಸ್ಸಿನಲ್ಲಿ. ಶರೀರ ಶಾರೀರಗಳ ಪುಣ್ಯತಿಥಿಗಳಿಗೆ ಎರಡೇ ದಿನದ ಅಂತರ.

ಗಾನವೃಂದದ ಮಕ್ಕಳಿಗೆ ಇನ್ನೊಂದು ಮಾತು. ಸೆಮಿನರಿಯಲ್ಲಿ ಕಲಿತದ್ದು, ಹೇಳದೆ ಇರಲಾರೆ. ಕೀಬೋರ್ಡ್ ಕಲಿಯುವಾಗ ದೊ ರೆ ಮಿ ಫಾ ಎನ್ನುತ್ತೀರಲ್ಲ, ಅದು ಹುಟ್ಟಿದ್ದು ಈ ಹಬ್ಬದ ಹಾಡಿನಿಂದ. ಸ್ನಾನಿಕ ಯೊವಾನ್ನರ ಗೌರವಕ್ಕಾಗಿ ಲತೀನ್ ಭಾಷೆಯಲ್ಲಿ ಒಂದು ಪುರಾತನ ಗೀತೆಯಿದೆ. ಅದರ ಒಂದೊಂದು ಪಾದವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಆರಂಭವಾಗುತ್ತದೆ. 11ನೆಯ ಶತಮಾನದಲ್ಲಿ ಅರೆಝೋದ ಗ್ವಿದೊ ಎಂಬ ಸನ್ಯಾಸಿ, ಹುಡುಗರಿಗೆ ಬೇಗ ಹಾಡು ಕಲಿಸಲೆಂದು, ಆ ಪಾದಗಳ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರಾಗಿ ಮಾಡಿದರು. ಮೊದಲನೆಯದು ಆಗ ‘ಉತ್’ ಎಂದಿತ್ತು, ಮುಂದೆ ‘ದೊ’ ಆಯಿತು. ತುಟಿಗಳನ್ನು ಶುದ್ಧಮಾಡು ಎಂದು ಆ ಗೀತೆಯಲ್ಲಿ ಸಂತರನ್ನು ಬೇಡುತ್ತಾರೆ. ಬೇಡುವುದು ಸರಿಯೇ. ಮಗ ಹುಟ್ಟಿ, ಹಲಗೆಯ ಮೇಲೆ ಅವನ ಹೆಸರು ಬರೆಯುವ ತನಕ ಮೂಕನಾಗಿದ್ದ ಜಕರೀಯನ ಮನೆಯ ಹಬ್ಬವಲ್ಲವೇ ಇದು! ಮಾತು ಮರಳಿದಾಗ ಆತ ಯಾರನ್ನೂ ದೂರಲಿಲ್ಲ, ದೇವರನ್ನು ಸ್ತುತಿಸಿದ.

ಕೀರ್ತನೆಯನ್ನು ಹುಡುಗನೇ ಹಾಡಿದ, ಕೇಳಿದಿರಿ. ಕೆಳಗಿನ ಸ್ವರದಲ್ಲಿ ಆರಂಭಿಸಿಕೊಡು ಎಂದು ಮೇಷ್ಟ್ರು ಹೇಳಿಕೊಟ್ಟರಂತೆ, ಅದಕ್ಕೇ ಇಂದು ನಿಮಗೂ ಸೇರಿ ಹಾಡಲು ಸಾಧ್ಯವಾಯಿತು. ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದಿದ್ದಾರೆ. ಕಾಣಿಕೆ ಅರ್ಪಣೆಯ ಗೀತೆಯನ್ನು ಮೇಷ್ಟ್ರು ಎತ್ತಿಕೊಡುತ್ತಾರೆ. ಎರಡನೆಯ ಚರಣದಿಂದ ಕೀಬೋರ್ಡ್ ಸೇರಲಿ ಎಂದು ಅವರಿಬ್ಬರೇ ಮಾತನಾಡಿಕೊಂಡಿದ್ದಾರೆ, ನಾನು ಬಾಯಿ ಹಾಕಿಲ್ಲ.

ಈಗ ವಿಶ್ವಾಸ ಪ್ರಮಾಣಕ್ಕಾಗಿ ಎಲ್ಲರೂ ಎದ್ದು ನಿಲ್ಲೋಣ.