ಕಾರಿನ ಎಲುಬುಗೂಡು
(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ತಾವು ಸಾಹಿತ್ಯ, ಸಂಗೀತ, ಹೆಚ್ಚೆಂದರೆ ಆದಾಯ ತೆರಿಗೆಯ ವಿಚಾರ ಕೇಳಿದವರು. ಇಂದು ಉಕ್ಕಿನ ಕೊಳವೆಗಳ ಬಗ್ಗೆ ಮಾತನಾಡಲು ನನಗೆ ಅವಕಾಶ ಕೊಟ್ಟಿದ್ದೀರಿ. ನಾನೂ ನನ್ನ ಮಗನೂ ಎರಡು ವರ್ಷ ಗ್ಯಾರೇಜಿನಲ್ಲಿ ದುಡಿದು ಒಂದು ಡ್ರ್ಯಾಗ್ ರೇಸ್ ಕಾರನ್ನು ಕಟ್ಟಿದ ಸಂಗತಿ ಹಲವರಿಗೆ ತಿಳಿದಿದೆ. ಇನ್ನೂ ಎರಡು ಮೂರು ಮನೆಗಳ ಮಕ್ಕಳು ಅದೇ ಹಟ ಹಿಡಿದಿದ್ದಾರೆಂದೂ, ಅವರ ತಾಯಂದಿರಿಗೆ ನಿದ್ರೆಯಿಲ್ಲವೆಂದೂ ಕೇಳಿದ್ದೇನೆ.

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿಯನ್ನು, ಎಂದರೆ 1,320 ಅಡಿಗಳನ್ನು, ಯಾರು ಮೊದಲು ಮುಟ್ಟುತ್ತಾರೆಂಬುದೇ ಈ ಪಂದ್ಯ. ಬೀದಿಯಲ್ಲಿ ನಡೆಯುತ್ತಿದ್ದ ಈ ಹುಚ್ಚಾಟವನ್ನು ನಿಯಮಕ್ಕೊಳಪಡಿಸಲು ವಾಲಿ ಪಾರ್ಕ್ಸ್ ಅವರು 1951ರಲ್ಲಿ ಅಮೆರಿಕದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ನಿಯಮಪುಸ್ತಕವೇ ನಮಗೆ ಪಠ್ಯಪುಸ್ತಕವಾಯಿತು.

ಚಾಸಿಸ್ ಎಂದರೆ ವಾಹನದ ಎಲುಬುಗೂಡು. ಮೊದಲ ನಕ್ಷೆಯನ್ನು ನಾನು ಬಹಳ ಹೆಮ್ಮೆಯಿಂದ ಬರೆದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಇಂಧನದ ಟ್ಯಾಂಕ್ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ನನ್ನ ಹೆಂಡತಿ ಕಾಫಿ ತಂದವರು ಅದನ್ನು ನೋಡಿ, "ಇದರಲ್ಲಿ ಮಗು ಕೂರುವುದೆಲ್ಲಿ?" ಎಂದು ಕೇಳಿದರು. ಮೂವತ್ತು ವರ್ಷ ಎಂಜಿನಿಯರಾಗಿ ಕೆಲಸ ಮಾಡಿದ ನಾನು ಮನುಷ್ಯನನ್ನೇ ಬರೆದಿರಲಿಲ್ಲ. ಆ ಹಾಳೆಯನ್ನು ಮಡಿಸಿಟ್ಟು, ಎರಡನೆಯ ನಕ್ಷೆಯನ್ನು ಸೀಟಿನಿಂದಲೇ ಆರಂಭಿಸಿದೆವು.

ಚಾಲಕನ ಸ್ಥಾನ ಎಷ್ಟು ಮುಖ್ಯವೆಂಬುದನ್ನು ಈ ಕ್ರೀಡೆ ಕಲಿತದ್ದು ನೋವಿನಿಂದ. 1950ರ ಮತ್ತು 60ರ ದಶಕಗಳ ಡ್ರ್ಯಾಗ್‌ಸ್ಟರ್‌ಗಳಲ್ಲಿ ಎಂಜಿನ್ ಮುಂದೆ. ಚಾಲಕ ಕೂರುತ್ತಿದ್ದುದು ಹಿಂದಿನ ಆಕ್ಸಲಿಗೂ ಹಿಂದೆ, ಗೇರ್‌ಬಾಕ್ಸಿನ ಅತ್ತಿತ್ತ ಕಾಲು ಚಾಚಿ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯದ ಲಯನ್ಸ್ ಪಥದಲ್ಲಿ ಡಾನ್ ಗಾರ್ಲಿಟ್ಸ್ ಅವರ ಗೇರ್‌ಬಾಕ್ಸ್ ಸಿಡಿಯಿತು. ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಚೇತರಿಸಿಕೊಂಡ ಅವರು ಎಂಜಿನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ ಕಾರನ್ನು ಕಟ್ಟಿದರು. ಹಾಗೆ ಮಾಡಲು ಬೇರೆಯವರೂ ಹಿಂದೆ ಯತ್ನಿಸಿ, ಕಾರು ನೇರ ಓಡದೆ ಕೈಬಿಟ್ಟಿದ್ದರು. ಗಾರ್ಲಿಟ್ಸ್ ಅವರ ಕಾರೂ ಮೊದಲು ಅಂಕೆಗೆ ಸಿಗಲಿಲ್ಲ. ಸ್ಟಿಯರಿಂಗಿನ ಚುರುಕನ್ನು ತಗ್ಗಿಸಿದ ಮೇಲೆ ದಾರಿಗೆ ಬಂದಿತು. 1971ರ ಪೊಮೋನ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಅದರಲ್ಲೇ ಗೆದ್ದರು. ಕೆಲವೇ ವರ್ಷಗಳಲ್ಲಿ ಹಳೆಯ ವಿನ್ಯಾಸ ಮುಖ್ಯ ಪಂದ್ಯಗಳಿಂದ ಮರೆಯಾಯಿತು.

ನಮ್ಮದು ಅಂಥ ಡ್ರ್ಯಾಗ್‌ಸ್ಟರ್ ಅಲ್ಲ, ಬಾಗಿಲುಳ್ಳ ಹಳೆಯ ಕಾರು. ಎಂಜಿನ್ ಮುಂದೆಯೇ ಇದೆ. ಆದರೂ ಗಾರ್ಲಿಟ್ಸ್ ಕೇಳಿಕೊಂಡ ಪ್ರಶ್ನೆಯನ್ನೇ ನಾವೂ ಕೇಳಿಕೊಂಡೆವು: ಇದು ಮುರಿದರೆ ತುಂಡು ಎತ್ತ ಹಾರುತ್ತದೆ? ಚಾಲಕನ ಪಕ್ಕದಲ್ಲೇ ತಿರುಗುವ ಡ್ರೈವ್ ಶಾಫ್ಟಿನ ಸುತ್ತ ಉಕ್ಕಿನ ಬಳೆ ಹಾಕಿದ್ದು ಈ ಪ್ರಶ್ನೆಯಿಂದ.

ಇನ್ನು ಭಾರದ ವಿಚಾರ. ಊರಿನಲ್ಲಿ ಎತ್ತಿನ ಗಾಡಿಗೆ ಹೇರು ತುಂಬಿದವರು ಬಲ್ಲರು. ಭಾರ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ. ಕಾರು ಮುನ್ನುಗ್ಗಿದಾಗಲೂ ಭಾರ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಎಷ್ಟೆಂದು ಲೆಕ್ಕ ಹಾಕಬಹುದು. ಕಾರಿನ ತೂಕ 2,400 ಪೌಂಡು, ಗುರುತ್ವಕೇಂದ್ರದ ಎತ್ತರ 20 ಅಂಗುಲ, ಮುಂದಿನ ಹಿಂದಿನ ಆಕ್ಸಲುಗಳ ಅಂತರ 100 ಅಂಗುಲ ಎಂದಿರಲಿ. ಗುರುತ್ವದಷ್ಟೇ ವೇಗೋತ್ಕರ್ಷವಿದ್ದರೆ 2,400ನ್ನು 20ರಿಂದ ಗುಣಿಸಿ 100ರಿಂದ ಭಾಗಿಸಿ: 480 ಪೌಂಡು. ನಿಂತಾಗ ಮುಂದೆ 1,200, ಹಿಂದೆ 1,200 ಇದ್ದದ್ದು, ಹೊರಟ ಕ್ಷಣದಲ್ಲಿ 720 ಮತ್ತು 1,680. ಹಿಂದಿನ ಟೈರಿಗೆ ಹಿಡಿತ ದೊರೆಯಿತು, ಸಂತೋಷ. ಆದರೆ ದಿಕ್ಕು ತಿರುಗಿಸುವುದು ಮುಂದಿನ ಚಕ್ರ ತಾನೆ? ಅಂತರವನ್ನು 120 ಅಂಗುಲಕ್ಕೆ ಹೆಚ್ಚಿಸಿದರೆ ವರ್ಗವಾಗುವುದು 400 ಪೌಂಡು ಮಾತ್ರ. ಹುಡುಗರಿಗೆ ಮುಂದಿನ ಚಕ್ರ ಗಾಳಿಯಲ್ಲಿ ಎದ್ದರೆ ಖುಷಿ. ನಾನು ಉದ್ದವನ್ನೇ ಆರಿಸಿದೆ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಒಂದು ವಾರ ಮಾತಿರಲಿಲ್ಲ.

ಗಟ್ಟಿತನ ದಪ್ಪ ಕೊಳವೆಯಿಂದ ಬರುತ್ತದೆಂಬುದು ಅರ್ಧ ಸತ್ಯ. ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಅದು ಓರೆಯಾಗುತ್ತದೆ. ಕರ್ಣದಲ್ಲಿ ಇನ್ನೊಂದು ಕಡ್ಡಿ ಕಟ್ಟಿದರೆ ಅಲುಗದು. ಚಾಸಿಸ್ಸಿನ ರಹಸ್ಯವೆಲ್ಲ ಈ ತ್ರಿಕೋನದಲ್ಲಿದೆ. ಲೋಹದಲ್ಲಿ ಆಯ್ಕೆ ಎರಡು. ಸಾಮಾನ್ಯ ಮೈಲ್ಡ್ ಸ್ಟೀಲಿನ ರಕ್ಷಾಪಂಜರಕ್ಕೆ 0.118 ಅಂಗುಲದ ದಪ್ಪ ಬೇಕು; 4130 ಕ್ರೋಮೋಲಿ ಉಕ್ಕಾದರೆ 0.083 ಸಾಕು. ಕ್ರೋಮೋಲಿ ಹಗುರ, ಆದರೆ ನಿಯಮದ ಪ್ರಕಾರ ಅದಕ್ಕೆ ಟಿಗ್ ವೆಲ್ಡಿಂಗೇ ಆಗಬೇಕು, ಅದು ನಮಗೆ ಬಾರದು. ನಾವು ಮೈಲ್ಡ್ ಸ್ಟೀಲ್ ಆರಿಸಿಕೊಂಡು ಹೆಚ್ಚಿನ ಭಾರ ಹೊತ್ತೆವು. ಬೆಸುಗೆಯನ್ನು ಅಂದಕ್ಕಾಗಿ ಉಜ್ಜಿ ನಯಗೊಳಿಸುವುದಕ್ಕೂ ನಿಷೇಧವಿದೆ. ಉಜ್ಜಿದಷ್ಟೂ ಬಲ ಕಡಿಮೆ.

ಹಳೆಯ ಮಾದರಿಯ, ಮೇಲ್ಛಾವಣಿಯುಳ್ಳ ಕಾರು 11.49 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವುದಾದರೆ ರೋಲ್ ಬಾರ್ ಕಡ್ಡಾಯ, 9.99 ಅಥವಾ ಅದಕ್ಕಿಂತ ಬೇಗವಾದರೆ ಪೂರ್ಣ ಪಂಜರವೂ ಚಾಸಿಸ್ ತಪಾಸಣೆಯೂ ಬೇಕು. ನಮ್ಮ ಗುರಿ ಹನ್ನೊಂದು ಸೆಕೆಂಡು. ಆದರೂ ಪೂರ್ಣ ಪಂಜರವನ್ನೇ ಯೋಜಿಸಿದೆವು. ಎಂಜಿನಿನ ಶಕ್ತಿ ಹೆಚ್ಚಿಸುವ ಆಸೆ ಮುಂದಿನ ವರ್ಷ ಬರುವುದು ಖಂಡಿತ, ಆಗ ಪಂಜರಕ್ಕೆ ಹಣ ಉಳಿದಿರುವುದಿಲ್ಲ.

ಇಲ್ಲಿ ನನ್ನ ಎರಡನೆಯ ತಪ್ಪನ್ನು ಹೇಳಬೇಕು. ತಲೆಯ ಮೇಲಿನ ಕೊಳವೆ ಹೆಲ್ಮೆಟ್ಟಿನಿಂದ ಕನಿಷ್ಠ 3 ಅಂಗುಲ ಮೇಲಿರಬೇಕು. ಮಗನನ್ನು ಕೂರಿಸಿ ಅಳೆದೆ, ಲೆಕ್ಕ ಸರಿಯಾಗಿತ್ತು. ಬೆಸುಗೆಯ ಚುಕ್ಕೆಗಳನ್ನಿಟ್ಟು ನಿಲ್ಲಿಸಿದ ಮೇಲೆ ಅವನು ಹೆಲ್ಮೆಟ್ ಧರಿಸಿ ಕುಳಿತ. "ಅಪ್ಪಾ, ಒಂದು ಬೆರಳೂ ಹಿಡಿಸೋದಿಲ್ಲ" ಎಂದ. ಅಳೆದಾಗ ಹೆಲ್ಮೆಟ್ಟೂ ಇರಲಿಲ್ಲ, ಸೀಟಿನ ಮೆತ್ತೆಯೂ ಇರಲಿಲ್ಲ. ಆ ಕೊಳವೆಗಳನ್ನು ಕತ್ತರಿಸಿ ತೆಗೆದು ಮತ್ತೆ ಬಗ್ಗಿಸಲು ಮೂರು ವಾರ ಹಿಡಿಯಿತು. ಪೂರ್ತಿ ಬೆಸುಗೆ ಮಾಡಿದ್ದರೆ ಇಡೀ ಪಂಜರ ಗುಜರಿಗೆ ಹೋಗುತ್ತಿತ್ತು.

ಆದ್ದರಿಂದ ತರುಣರಿಗೆ ನನ್ನ ವಿನಂತಿ: ಕೊಳವೆ ಕೊಳ್ಳುವ ಮುನ್ನ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ನಿಜ ಅಳತೆಯಲ್ಲೇ ಕಾರನ್ನು ಬರೆಯಿರಿ. ನಡುವೆ ಸೀಟಿಟ್ಟು, ಹೆಲ್ಮೆಟ್ ಧರಿಸಿ, ಪಟ್ಟಿ ಬಿಗಿದು ಕೂತು, ಪೆಡಲಿಗೆ ಕಾಲು ಎಟುಕುವುದೇ, ಬಾಗಿಲಿನಿಂದ ತಾನಾಗಿ ಹೊರಬರಲು ಸಾಧ್ಯವೇ, ನೋಡಿ. ಆ ಹೊತ್ತಿಗೆ ತಾಯಿಯನ್ನೂ ಕರೆಯಿರಿ. ಅಂದಿನ ವರ್ಷದ ನಿಯಮಪುಸ್ತಕ ಪಕ್ಕದಲ್ಲಿರಲಿ, ನಿಯಮಗಳು ಬದಲಾಗುತ್ತಿರುತ್ತವೆ.

ನಮ್ಮ ಎರಡೂ ನಕ್ಷೆಗಳನ್ನು, ಮನುಷ್ಯನಿಲ್ಲದ್ದನ್ನೂ ಸೇರಿಸಿ, ಹಿಂದಿನ ಮೇಜಿನ ಮೇಲೆ ಹರಡಿದ್ದೇನೆ. ಊಟಕ್ಕೆ ಇನ್ನೂ ಅರ್ಧ ಗಂಟೆಯಿದೆಯಂತೆ. ಪ್ರಶ್ನೆಗಳಿದ್ದರೆ ಅಲ್ಲಿಯೇ ನಿಂತು ಮಾತನಾಡೋಣ.