‘ಎಂಜಿನ್ ಹೋಗಿದೆ’ ಅಂದರೆ ಮೊದಲು ಕಿಡಿ ನೋಡಿ, ಪೆಟ್ರೋಲ್ ನೋಡಿ
(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಸಂಘದಲ್ಲಿ ಹಸು ತರಲು ಸಾಲ ಕೇಳಿದರೆ ನಾವೆಲ್ಲ ಎಷ್ಟೊಂದು ಪ್ರಶ್ನೆ ಕೇಳುತ್ತೇವೆ. ಎಷ್ಟನೇ ಸೂಲು, ಎಷ್ಟು ಲೀಟರ್ ಹಾಲು, ಮೇವು ಎಲ್ಲಿಂದ ಅಂತ. ಅದೇ ‘ಗಾಡಿ ರಿಪೇರಿ’ ಅಂತ ಸಾಲ ಕೇಳಿದರೆ ಒಂದು ಪ್ರಶ್ನೆಯೂ ಇಲ್ಲ. ಅದು ಗಂಡಸರ ವಿಷಯ, ನಮಗೇನು ಗೊತ್ತಾಗುತ್ತೆ ಅಂತ ಸಹಿ ಹಾಕಿಬಿಡುತ್ತೇವೆ. ಸಾಲ ತೀರಿಸುವಾಗ ಮಾತ್ರ ವಾರ ವಾರ ಕಂತು ಕಟ್ಟುವವರು ನಾವೇ. ಆದ್ದರಿಂದ ಇವತ್ತು ಗಾಡಿ ವಿಷಯವನ್ನೇ ಮಾತಾಡೋಣ.

ಮೈಸೂರು ಸೀಮೆಯಲ್ಲಿ ಹಳೇ ಗಾಡಿ ಅಂದರೆ ಜಾವಾ, ಯೆಜ್ಡಿ ನೆನಪಿಗೆ ಬರುತ್ತದೆ. ಜಾವಾ ಮೂಲತಃ ಚೆಕ್ ದೇಶದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಈ ಗಾಡಿಗಳು ತಯಾರಾದವು. 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು. ಹಾಲಿನ ಕ್ಯಾನು, ತರಕಾರಿ ಮೂಟೆ ಹೊತ್ತು ಓಡಿದ ಗಾಡಿಗಳು ಇವು. ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ಇವು ನಿಂತುಹೋದಾಗ ಕೇಳಿಬರುವ ಮಾತು ಒಂದೇ: ‘ಎಂಜಿನ್ ಹೋಗಿದೆ.’ ಈ ಮಾತಿಗೆ ಹೆದರಿ ಕೆಲವರು ದೊಡ್ಡ ಸಾಲ ಮಾಡುತ್ತಾರೆ. ಇನ್ನು ಕೆಲವರು ಗುಜರಿ ಬೆಲೆಗೆ ಕೊಟ್ಟುಬಿಡುತ್ತಾರೆ. ಆದರೆ ಹಳೇ ಜಾವಾ, ಯೆಜ್ಡಿಗಳನ್ನು ಹುಡುಕಿಕೊಂಡು ಬಂದು ಒಳ್ಳೆ ಬೆಲೆ ಕೊಡುವ ಜನ ಇವತ್ತು ಇದ್ದಾರೆ.

ಎಂಜಿನ್ ಒಲೆ ಇದ್ದ ಹಾಗೆ. ಒಲೆ ಉರಿಯಲು ಸೌದೆ, ಗಾಳಿ, ಬೆಂಕಿ ಕಡ್ಡಿ ಬೇಕು. ಇಲ್ಲಿ ಪೆಟ್ರೋಲೇ ಸೌದೆ. ಅದನ್ನು ಗಾಳಿಯ ಜೊತೆ ಹದವಾಗಿ ಬೆರೆಸಿ ಕೊಡುವುದು ಕಾರ್ಬೊರೇಟರ್. ಕಿಡಿ ಕೊಡುವುದು ಪ್ಲಗ್. ಗಾಡಿ ಸ್ಟಾರ್ಟ್ ಆಗದಿದ್ದರೆ ಬಹಳ ಸಲ ತಪ್ಪು ಕಿಡಿಯಲ್ಲಿರುತ್ತೆ, ಇಲ್ಲವೇ ಪೆಟ್ರೋಲ್ ಬರುವ ದಾರಿಯಲ್ಲಿರುತ್ತೆ. ಈ ಎರಡನ್ನೂ ಮನೆಯ ಅಂಗಳದಲ್ಲೇ ಪರೀಕ್ಷೆ ಮಾಡಬಹುದು.

1. ಮೊದಲು ಸುಲಭದ್ದು ನೋಡಿ

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಕೆಳಗಿನ ಪೆಟ್ರೋಲ್ ಟ್ಯಾಪ್ ತೆರೆದಿದೆಯೇ? ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತೆ, ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡುತ್ತೆ ಅಂತಾದರೆ ಮುಚ್ಚಳದ ಗಾಳಿ ತೂತು ಕಟ್ಟಿರಬಹುದು. ಅದನ್ನು ಶುಚಿ ಮಾಡಿದರೆ ಸಾಕು, ಖರ್ಚೇ ಇಲ್ಲ.

2. ಪ್ಲಗ್ ಬಿಚ್ಚಿ ನೋಡಿ

ನಾಲ್ಕೈದು ಸಲ ಕಿಕ್ ಹೊಡೆದು, ಪ್ಲಗ್ ಸ್ಪ್ಯಾನರಿನಿಂದ ಪ್ಲಗ್ ಬಿಚ್ಚಿ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬರ್ತಾ ಇದೆ, ಕಿಡಿಯನ್ನು ನೋಡಬೇಕು. ಪೂರಾ ಒಣಗಿದ್ದರೆ ಪೆಟ್ರೋಲ್ ಬರ್ತಾ ಇಲ್ಲ, ಕಾರ್ಬೊರೇಟರ್ ಕಡೆ ನೋಡಬೇಕು. ಓಡುತ್ತಿದ್ದ ಗಾಡಿಯ ಪ್ಲಗ್ ಬಿಸ್ಕತ್ತಿನ ಬಣ್ಣ ಇದ್ದರೆ ಎಲ್ಲಾ ಸರಿ. ಕಪ್ಪಗೆ ಜಿಡ್ಡುಗಟ್ಟಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ. ಬೂದಿಯ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಹಾಗೇ ಓಡಿಸಿದರೆ ಎಂಜಿನ್ ಕಾದು ನಿಜವಾಗಿಯೂ ಹಾಳಾಗುತ್ತೆ.

3. ಕಿಡಿ ಪರೀಕ್ಷೆ

ಇದನ್ನು ಬಯಲಲ್ಲೇ ಮಾಡಿ. ಒಲೆ, ಬೀಡಿ ಹತ್ತಿರ ಇರಬಾರದು. ಚೆಲ್ಲಿದ ಪೆಟ್ರೋಲ್ ಒರೆಸಿ, ಪ್ಲಗ್ಗಿನ ತೂತಿಗೆ ಬಟ್ಟೆ ಮುಚ್ಚಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಈ ಗಾಡಿಗಳಲ್ಲಿ ಕಿಕ್ಕರೇ ಗೇರ್ ಲಿವರ್ ಕೂಡ ಆಗಿರುತ್ತೆ, ಅದನ್ನು ಮರೀಬೇಡಿ. ಪ್ಲಗ್ಗನ್ನು ಒಣಗಿಸಿ, ಕ್ಯಾಪಿಗೆ ಸಿಕ್ಕಿಸಿ, ಅದರ ಕಬ್ಬಿಣದ ಭಾಗ ಎಂಜಿನ್ನಿಗೆ ತಾಗುವಂತೆ ತೂತಿನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ, ಶಾಕ್ ಹೊಡೆಯುತ್ತೆ. ಕೀ ಹಾಕಿ ಕಿಕ್ ಹೊಡೆಯಿರಿ.

ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಕಿಡಿ ಸರಿ ಇದೆ. ಬರದಿದ್ದರೆ ಬೇರೆ ಒಳ್ಳೆ ಪ್ಲಗ್ ಹಾಕಿ ಇನ್ನೊಮ್ಮೆ ನೋಡಿ. ಆಗಲೂ ಇಲ್ಲ ಅಂದರೆ ಬ್ಯಾಟರಿ ನೋಡಿ. ಹಳೇ ಜಾವಾ, ಯೆಜ್ಡಿಗಳಲ್ಲಿ 6 ವೋಲ್ಟಿನ ಬ್ಯಾಟರಿಯಿಂದಲೇ ಕಿಡಿ ಬರುವುದರಿಂದ ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ.

ಬ್ಯಾಟರಿ ಸರಿ ಇದ್ದರೆ ಮುಂದಿನದು ಪಾಯಿಂಟ್. ಎಂಜಿನ್ನಿನ ಬಲಗಡೆ ಮುಚ್ಚಳದ ಒಳಗೆ, ಪ್ರತಿ ಸುತ್ತಿಗೆ ತೆರೆದು ಮುಚ್ಚುವ ಎರಡು ಚಿಕ್ಕ ಲೋಹದ ತುದಿಗಳಿರುತ್ತವೆ. ಅವು ಸುಟ್ಟು ಕಪ್ಪಾಗಿದ್ದರೆ ಅಥವಾ ಎಣ್ಣೆ ಕೂತಿದ್ದರೆ ಕಿಡಿ ಬರಲ್ಲ. ನಯವಾದ ಮರಳು ಕಾಗದದಿಂದ ಉಜ್ಜಿ, ಶುದ್ಧ ಕಾಗದದಿಂದ ಒರೆಸಿ, ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರ್ ಸಂದು ಇರುವಂತೆ ಕೂರಿಸಬೇಕು. ಇದನ್ನು ಮೆಕ್ಯಾನಿಕ್ ಹತ್ತಿರ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಪಾಯಿಂಟ್ ಪದೇ ಪದೇ ಸುಟ್ಟುಹೋಗುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು. ಗಾಡಿ ಕಾದ ಮೇಲೆ ಕಿಡಿ ಹೋಗಿ, ಆರಿದ ಮೇಲೆ ಮತ್ತೆ ಬಂದರೆ ಕಂಡೆನ್ಸರ್ ಅಥವಾ ಕಾಯಿಲ್ ದೋಷ ಇರಬಹುದು. ಪ್ಲಗ್, ಪಾಯಿಂಟ್, ಕಂಡೆನ್ಸರ್ ಚಿಕ್ಕ ಸಾಮಾನುಗಳು. ಬೋರಿಂಗ್, ಕ್ರ್ಯಾಂಕ್ ಕೆಲಸದ ದುಡ್ಡಿಗೂ ಇವುಗಳ ದುಡ್ಡಿಗೂ ಹೋಲಿಕೆಯೇ ಇಲ್ಲ.

4. ಕಾರ್ಬೊರೇಟರ್

ಪ್ಲಗ್ ಒಣಗಿದೆ, ಕಿಡಿ ಚೆನ್ನಾಗಿದೆ ಅಂದರೆ ಟ್ಯಾಪಿನಿಂದ ಪೈಪ್ ಬಿಚ್ಚಿ, ಡಬ್ಬಿ ಹಿಡಿದು ನೋಡಿ. ಪೆಟ್ರೋಲ್ ಧಾರಾಳವಾಗಿ ಬಿದ್ದರೆ ತಡೆ ಕಾರ್ಬೊರೇಟರಿನಲ್ಲಿದೆ. ಅದರ ಕೆಳಗಿನ ಬಟ್ಟಲಿನಲ್ಲಿ ಕಸ, ನೀರು, ಅಂಟು ಕೂತಿರುತ್ತೆ. ಜೆಟ್ ಅನ್ನುವ ಚಿಕ್ಕ ತೂತು ಕಟ್ಟಿದರೆ ಪೆಟ್ರೋಲ್ ಹೋಗಲ್ಲ. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದು ಶುಚಿ ಮಾಡಬೇಕು. ಪಿನ್ನು, ಸೂಜಿ ಹಾಕಿ ಚುಚ್ಚಲು ಬಿಡಬೇಡಿ. ತೂತು ದೊಡ್ಡದಾದರೆ ಆಮೇಲೆ ಪೆಟ್ರೋಲ್ ಕುಡಿಯುತ್ತೆ.

ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುತ್ತಿದ್ದರೆ ಬಟ್ಟಲಿನೊಳಗಿನ ಫ್ಲೋಟ್ ಬಿಚ್ಚಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ. ತೆಂಗಿನಕಾಯಿಯ ಹಾಗೆ ಒಳಗೆ ಸದ್ದು ಬಂದರೆ ಫ್ಲೋಟ್ ತೂತಾಗಿದೆ. ಸದ್ದಿಲ್ಲದಿದ್ದರೆ ಪೆಟ್ರೋಲ್ ತಡೆಯುವ ಮುಳ್ಳು ಸವೆದಿರಬಹುದು, ಅಥವಾ ಅದರ ಕೆಳಗೆ ಕಸ ಸಿಕ್ಕಿರಬಹುದು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಜೋರಾಗಿ ಕೂಗುತ್ತಿದ್ದು, ಪ್ಲಗ್ಗೂ ಬೆಳ್ಳಗಿದ್ದರೆ ಕಾರ್ಬೊರೇಟರ್ ಎಂಜಿನ್ನಿಗೆ ಕೂರುವ ಜಾಗದಲ್ಲಿ ಗಾಳಿ ನುಗ್ಗುತ್ತಿರಬಹುದು. ಆಗ ಅಲ್ಲಿನ ಪ್ಯಾಕಿಂಗ್ ಬದಲಾಯಿಸಬೇಕು.

5. ಪೆಟ್ರೋಲ್ ಮತ್ತು ಆಯಿಲ್

ಈ ಗಾಡಿಗಳಿಗೆ ಪೆಟ್ರೋಲಿನ ಜೊತೆಗೇ 2ಟಿ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 30ರಿಂದ 40 ಮಿಲಿ. ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತೆ. ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಕಣ್ಣಳತೆ ಬೇಡ, ಅಳತೆ ಲೋಟ ಇಟ್ಟುಕೊಳ್ಳಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತೆ. ಅದು ತೇವ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನೂ ಕೆಡಿಸುತ್ತೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿಸಿ. ಪೈಪ್ ಬಿರಿದಿದೆಯೇ ಅಂತ ಆಗಾಗ ನೋಡಿ.

ಎಂಜಿನ್ ಕೆಡುವುದೇ ಇಲ್ಲ ಅಂತ ನಾವು ಹೇಳುವುದಿಲ್ಲ. ಕಿಕ್ಕರ್ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಕೆಳಗೆ ಹೋದರೆ, ಒಳಗೆ ಕಬ್ಬಿಣ ಬಡಿದ ಸದ್ದು ಬಂದರೆ ದೊಡ್ಡ ಕೆಲಸ ಇರಬಹುದು. ಆಗ ಸಾಲ ಮಾಡುವುದರಲ್ಲಿ ತಪ್ಪಿಲ್ಲ. ಮೆಕ್ಯಾನಿಕ್‌ಗಳೆಲ್ಲ ಮೋಸ ಮಾಡುತ್ತಾರೆ ಅಂತಲೂ ಅಲ್ಲ. ಕೆಲಸ ಬಲ್ಲ ಮೆಕ್ಯಾನಿಕ್ ನಮ್ಮ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ತೋರಿಸಿಯೇ ಹೇಳುತ್ತಾನೆ.

ಆದ್ದರಿಂದ ಸಹೋದರಿಯರೇ, ಇನ್ನು ಮುಂದೆ ಸಂಘದಲ್ಲಿ ಗಾಡಿ ರಿಪೇರಿಗೆ ಸಾಲದ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳೋಣ. ಪ್ಲಗ್ ಒದ್ದೆ ಇತ್ತೋ, ಒಣಗಿತ್ತೋ? ಕಿಡಿ ಬಂತೋ, ಇಲ್ಲವೋ? ಯಾವ ಸಾಮಾನು ಬದಲಾಯಿಸುತ್ತಾರೆ, ಹಳೇದನ್ನು ವಾಪಸ್ ಕೊಡುತ್ತಾರೋ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡೋಣ. ಇದು ಯಾರನ್ನೋ ಅನುಮಾನಿಸಿದ ಹಾಗಲ್ಲ. ಹತ್ತು ಹತ್ತು ರೂಪಾಯಿ ಸೇರಿಸಿ ಕೂಡಿಸಿದ ದುಡ್ಡಿಗೆ ನಾವು ಕೊಡುವ ಮರ್ಯಾದೆ.